ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ದೊಡ್ಡ ನಂಬರ್ ನೋಡಿ ಕಾರ್ಡ್ ಕೊಳ್ಳಬೇಡಿ

ಪ್ರಶ್ನೆ: ನನ್ನದು 2016ರ ಲ್ಯಾಪ್‌ಟಾಪ್. ಕೋರ್ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಚಕ್ರ ಸುತ್ತುತ್ತಲೇ ಇರುತ್ತದೆ. ಅಂಗಡಿಯವರು ‘ಎನ್‌ವಿಎಂಇ ಕಾರ್ಡ್ ಹಾಕಿಸಿ, 3,500 ಎಂಬಿ ಸ್ಪೀಡ್’ ಎನ್ನುತ್ತಾರೆ. ಗೆಳೆಯನೊಬ್ಬ ‘ಸುಮ್ನೆ ದುಡ್ಡು ದಂಡ, ಮನೆಯಲ್ಲಿರುವ ಮೆಮೊರಿ ಕಾರ್ಡ್ ಹಾಕಿ ರೆಡಿಬೂಸ್ಟ್ ಆನ್ ಮಾಡು’ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರು, ತುಮಕೂರು

ಉತ್ತರ: ಇಬ್ಬರದ್ದೂ ಬೇಡ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ‘ಡಿಸ್ಕ್’ ಕಾಲಂ ನೋಡಿ. ಅದು ಶೇ 100ರಲ್ಲಿ ಅಂಟಿಕೊಂಡಿದ್ದರೆ ಕಳ್ಳ ಸಿಕ್ಕಿದ ಹಾಗೆ.

ನಿಮ್ಮ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ಬಹುಶಃ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಜಾಗಕ್ಕೆ ಹೆಡ್ ಸರಿಯಬೇಕು, ಆಮೇಲೆ ತಟ್ಟೆಯ ಆ ಭಾಗ ಅದರಡಿ ಬರುವ ತನಕ ಕಾಯಬೇಕು. ಹೀಗೆ ಸೆಕೆಂಡಿಗೆ ನೂರರ ಆಸುಪಾಸು ಓದು ಮಾತ್ರ ಸಾಧ್ಯ. ಒಂದೇ ದೊಡ್ಡ ಸಿನಿಮಾ ಫೈಲನ್ನು ಓದುವಾಗ ಸೆಕೆಂಡಿಗೆ 100 ಎಂಬಿ ಸಿಗುತ್ತದೆ, ನಿಜ. ಆದರೆ ವಿಂಡೋಸ್ ಏಳುವಾಗ ಓದುವುದು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಚಿಕ್ಕ ಫೈಲ್‌ಗಳನ್ನು. ಆಗ ಅದೇ ಡಿಸ್ಕಿನ ವೇಗ 1 ಎಂಬಿಗಿಂತ ಕೆಳಗೆ ಬೀಳುತ್ತದೆ. ಎಸ್‌ಎಸ್‌ಡಿ ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುತ್ತದೆ, ಅದರಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಕನೆಕ್ಷನ್ನಿಗೇ ಕೂರುವ ಸಾಧಾರಣ ಎಸ್‌ಎಸ್‌ಡಿಯೂ ಸೆಕೆಂಡಿಗೆ ಹತ್ತಾರು ಸಾವಿರ ಸಣ್ಣ ಓದುಗಳನ್ನು ಮುಗಿಸಬಲ್ಲದು. ನಿಮಗೆ ಬೇಕಾಗಿರುವುದು ಇದು.

ಅಂಗಡಿಯವರು ಹೇಳುವ ಎನ್‌ವಿಎಂಇ ಕೂಡ ಎಸ್‌ಎಸ್‌ಡಿಯೇ, ಸಾಟಾಗಿಂತ ವೇಗದ ದಾರಿಯಲ್ಲಿ ಜೋಡಣೆಯಾಗುವಂಥದ್ದು. ಡಬ್ಬಿಯ ಮೇಲಿನ 3,500 ಎಂಬಿ ದೊಡ್ಡ ಫೈಲ್ ಓದುವ ವೇಗ. ಸಾಟಾ ಎಸ್‌ಎಸ್‌ಡಿಯಲ್ಲಿ ಅದು ಸುಮಾರು 550 ಎಂಬಿ. ಕಾಗದದ ಮೇಲೆ ಆರು ಪಟ್ಟು ಜಾಸ್ತಿ. ಬ್ರೌಸರ್, ವರ್ಡ್, ನುಡಿ ಟೈಪಿಂಗ್ ಮಾಡುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಸಿಗುವ ನೆಗೆತವೇ ದೊಡ್ಡದು. 4ಕೆ ವಿಡಿಯೊ ಎಡಿಟ್ ಮಾಡುವವರಾಗಿದ್ದರೆ ಬೇರೆ ಮಾತು.

ಅದಕ್ಕಿಂತ ಮುಖ್ಯ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಕಾರ್ಡ್ ಕೂರಲು ಜಾಗ ಇದೆಯಾ? 2016ರ ಎಷ್ಟೋ ಅಗ್ಗದ ಮಾಡೆಲ್‌ಗಳಲ್ಲಿ ಸ್ಟೋರೇಜ್‌ಗೆ ಎಂ.2 (ಇಂಥ ತೆಳು ಕಾರ್ಡ್ ಕೂರುವ) ಸ್ಲಾಟೇ ಇಲ್ಲ. ಒಳಗೆ ಅಂಥದ್ದೊಂದು ಕಂಡರೂ ಅದು ವೈಫೈ ಕಾರ್ಡಿನ ಸ್ಲಾಟ್ ಆಗಿರಬಹುದು. ಇನ್ನು ಕೆಲವು ಎಂ.2 ಸ್ಲಾಟ್‌ಗಳು ಸಾಟಾ ಕಾರ್ಡ್‌ಗಳನ್ನು ಮಾತ್ರ ಗುರುತಿಸುತ್ತವೆ. ಸಾಮಾನ್ಯವಾಗಿ ಎರಡು ಕಡೆ ಕಚ್ಚು ಇರುವುದು ಸಾಟಾ ಕಾರ್ಡ್, ಒಂದೇ ಕಚ್ಚು ಇರುವುದು ಎನ್‌ವಿಎಂಇ. ಆದರೆ ಕಚ್ಚು ನೋಡಿ ಕೊಳ್ಳಬೇಡಿ. ಮಾಡೆಲ್ ನಂಬರ್ ಹಾಕಿ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಉದ್ದವನ್ನೂ ಗಮನಿಸಿ: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

ಸ್ಲಾಟ್ ಇಲ್ಲದಿದ್ದರೆ ಬೇಜಾರು ಬೇಡ. ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಡಿವಿಡಿ ಡ್ರೈವ್ ಇದ್ದರೆ ಅದನ್ನು ಬಿಚ್ಚಿ, ಆ ಜಾಗಕ್ಕೆ ಹೊಂದುವ ಕ್ಯಾಡಿ ಎಂಬ ಚೌಕಟ್ಟಿನೊಳಗೆ ಹಳೇ ಡಿಸ್ಕನ್ನು ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿ.ಮೀ. ದಪ್ಪಗಳಲ್ಲಿ ಸಿಗುತ್ತದೆ, ಅಳೆದು ತನ್ನಿ.

ಇನ್ನು ಗೆಳೆಯರ ರೆಡಿಬೂಸ್ಟ್. ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳನ್ನು ಹಾರ್ಡ್ ಡಿಸ್ಕಿನ ನೆರವಿಗೆ ಬಳಸುವ ವಿಂಡೋಸ್ ಸೌಲಭ್ಯ ಅದು. ಅದು 2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ಬಂದದ್ದು, 512 ಎಂಬಿ ರ‍್ಯಾಮ್ ಇದ್ದ ಕಾಲಕ್ಕೆ ಸರಿಯಾಗಿತ್ತು. ಇಂಟೆಲ್ ಕೂಡ ಇದೇ ದಾರಿ ಹಿಡಿದಿತ್ತು. ಮೊದಲು ಟರ್ಬೊ ಮೆಮೊರಿ, ಆಮೇಲೆ 2017ರಲ್ಲಿ 16 ಮತ್ತು 32 ಜಿಬಿಯ ಆಪ್ಟೇನ್ ಕಾರ್ಡ್. ಪದೇ ಪದೇ ಬೇಕಾಗುವ ಫೈಲ್‌ಗಳನ್ನು ಅದರಲ್ಲಿಟ್ಟುಕೊಂಡು ಹಾರ್ಡ್ ಡಿಸ್ಕನ್ನು ಚುರುಕು ಮಾಡುವ ಉಪಾಯ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಅಷ್ಟರಲ್ಲಿ ಪೂರ್ತಿ ಎಸ್‌ಎಸ್‌ಡಿಯೇ ಅಗ್ಗವಾಯಿತು. 2022ರಲ್ಲಿ ಇಂಟೆಲ್ ಆಪ್ಟೇನ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಸೆಕೆಂಡ್ ಹ್ಯಾಂಡ್ ಆಪ್ಟೇನ್ ಕಾರ್ಡ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ವೇಗವರ್ಧಕ ಸೌಲಭ್ಯಕ್ಕೆ 7ನೇ ತಲೆಮಾರಿನ ಅಥವಾ ನಂತರದ ಕೋರ್ ಪ್ರೊಸೆಸರ್ ಬೇಕು.

ಎಸ್‌ಎಸ್‌ಡಿ ಜೊತೆಗೆ ರ‍್ಯಾಮನ್ನು 8 ಜಿಬಿಗೆ ಏರಿಸಿ. 4 ಜಿಬಿಯಲ್ಲಿ ಬ್ರೌಸರ್ ಒಂದೇ ಉಸಿರು ಕಟ್ಟಿಸುತ್ತದೆ. ಡಿಡಿಆರ್3ಎಲ್ ಬಗೆಯದು ಬೇಕೋ ಡಿಡಿಆರ್4 ಬಗೆಯದು ಬೇಕೋ ನೋಡಿಕೊಳ್ಳಿ.

1 ಟಿಬಿ ಡಿಸ್ಕನ್ನು 500 ಜಿಬಿಯ ಎಸ್‌ಎಸ್‌ಡಿಗೆ ಕ್ಲೋನ್ (ಇದ್ದದ್ದನ್ನು ಇದ್ದ ಹಾಗೇ ನಕಲು) ಮಾಡಲು ಒದ್ದಾಡುವ ಬದಲು ಹೊಸದಾಗಿ ಇನ್‌ಸ್ಟಾಲ್ ಮಾಡಿ, ಫೋಟೊ, ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಒಮ್ಮೆ ಪ್ರಯತ್ನಿಸಿ ಎಂದೇ ನನ್ನ ಸಲಹೆ.

ಪ್ರಶ್ನೆ: ಎಸ್‌ಎಸ್‌ಡಿ ಮೇಲೆ ಬರೆದಷ್ಟೂ ಸವೆಯುತ್ತದಂತೆ. ಡಿಫ್ರ್ಯಾಗ್ ಮಾಡಬೇಕಾ?
– ಓದುಗರು, ಪುತ್ತೂರು

ಉತ್ತರ: ಸವೆಯುತ್ತದೆ, ಆದರೆ ನೀವು ಹೆದರುವಷ್ಟಲ್ಲ. 500 ಜಿಬಿಯ ಎಷ್ಟೋ ಎಸ್‌ಎಸ್‌ಡಿಗಳಿಗೆ ಕಂಪನಿಯೇ 300 ಟಿಬಿ ಬರಹದ ಭರವಸೆ ಕೊಡುತ್ತದೆ. ದಿನಕ್ಕೆ 40 ಜಿಬಿ ಬರೆದರೂ 20 ವರ್ಷ ಆಯಿತಲ್ವಾ! ಡಿಫ್ರ್ಯಾಗ್, ಅಂದರೆ ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಜೋಡಿಸುವ ಕೆಲಸ, ಬೇಡ. ವಿಂಡೋಸಿನ ‘ಆಪ್ಟಿಮೈಸ್’ ಎಸ್‌ಎಸ್‌ಡಿಯನ್ನು ಗುರುತಿಸಿ ಟ್ರಿಮ್ ಮಾಡುತ್ತದೆ. ಖಾಲಿಯಾದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ಕೆಲಸ ಅದು. ಇದರಿಂದ ಒಂದು ತೊಂದರೆಯೂ ಇದೆ. ಅಳಿಸಿದ ಫೈಲ್ ವಾಪಸ್ ಸಿಗುವುದು ಬಹಳ ಕಷ್ಟ. ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನಂತೆ ಕಟಕಟ ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ. ಬ್ಯಾಕಪ್ ಇಟ್ಟುಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಸಾವಿರ ಚಿಲ್ಲರೆ ರೂಪಾಯಿಗೆ ಇದೆ. ಕೊಳ್ಳಬಹುದಾ?
– ಓದುಗರು, ಬಳ್ಳಾರಿ

ಉತ್ತರ: ಬೇಡ. ಇಂಥ ಡಬ್ಬಿ ಬಿಚ್ಚಿದವರಿಗೆ ಒಳಗೆ ಸಿಕ್ಕಿರುವುದು ಮೆಮೊರಿ ಕಾರ್ಡ್. 16 ಟಿಬಿ ಇದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ, ನಿಜವಾದ ಜಾಗ ತುಂಬಿದ ಮೇಲೆ ಫೈಲ್‌ಗಳು ಹಾಳಾಗುತ್ತವೆ. ಈಗಾಗಲೇ ತರಿಸಿದ್ದರೆ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಿ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಮಾಡಿ, ಮುಖ್ಯವಾದದ್ದೇನನ್ನೂ ಅದರಲ್ಲಿ ಇಡಬೇಡಿ.