ದಾನಪತ್ರಕ್ಕೆ ಸಾಕ್ಷಿಗಳು ಆಮೇಲೆ ಮನೆಯಲ್ಲಿ ಸಹಿ ಹಾಕಿದರೆ ನಡೆಯುತ್ತದೆಯೇ?

ದಾನ ಕೊಡುವವರು, ಅಂದರೆ ಇಲ್ಲಿ ಅಪ್ಪ, ಎದುರಿಗಿಲ್ಲದೆ ಹಾಕಿದರೆ ನಡೆಯುವುದಿಲ್ಲ. ಅಪ್ಪ ವಿರಾಜಪೇಟೆಯಲ್ಲಿ ಸಹಿ ಮಾಡಿ, ಕಾಗದ ಜೀಪಿನಲ್ಲಿ ಸೋಮವಾರಪೇಟೆಯ ಮಾವನ ಮನೆಗೆ ಹೋಗಿ, ಅವರು ಕಾಫಿ ಕುಡಿಯುತ್ತಾ ಸಾಕ್ಷಿ ಎಂದು ಗೀಚಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ತೋಟವನ್ನೋ ಮನೆಯನ್ನೋ ಮಗಳಿಗೆ ದಾನವಾಗಿ ಕೊಡುವಾಗ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಪತ್ರ ನೋಂದಣಿಯಾಗಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಸಾಕ್ಷಿ ಹೇಳುವುದು ಪತ್ರದ ಒಳಗಿನದು ಸರಿಯೆಂದಲ್ಲ, ‘ಇವರು ಸಹಿ ಮಾಡಿದ್ದನ್ನು ಕಂಡೆ’ ಎಂದಷ್ಟೆ. ಕಾಣದಿದ್ದರೆ, ‘ಇದು ನನ್ನದೇ ಸಹಿ’ ಎಂದು ಅಪ್ಪ ಅವರಿಗೆ ಖುದ್ದಾಗಿ ಹೇಳಿರಬೇಕು. ಎರಡರಲ್ಲೂ ಸಾಕ್ಷಿ ತನ್ನ ಸಹಿಯನ್ನು ಅಪ್ಪನ ಕಣ್ಣೆದುರೇ ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಟ್ಟಿಗೇ ಇರಬೇಕೆಂದೇನಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುರುತು ಹೇಳಲು ಸಹಿ ಹಾಕುವವರು ಬೇರೆ. ಅವರನ್ನೇ ಈ ಸಾಕ್ಷಿಗಳೆಂದು ನಂಬಿಕೊಂಡು ಕೂರಬೇಡಿ. ಪತ್ರ ಬರೆದುಕೊಟ್ಟವರು ಅದರ ಕೊನೆಯಲ್ಲಿ ‘ಸಾಕ್ಷಿಗಳು’ ಎಂದು ಬಿಟ್ಟ ಜಾಗ ಖಾಲಿ ಇದೆಯೇ ನೋಡಿ.

ನಾಳೆ ಅಣ್ಣನೋ ತಮ್ಮನೋ ‘ಅಪ್ಪ ಸಹಿಯನ್ನೇ ಮಾಡಿಲ್ಲ’ ಎಂದರೆ, ಬದುಕಿರುವ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಹಾಗಾಗಿ ಎಂಬತ್ತು ದಾಟಿದ ಇಬ್ಬರು ಹಿರಿಯರಿಗಿಂತ, ಊರಲ್ಲೇ ಇರುವ, ಆಸ್ತಿಯಲ್ಲಿ ಪಾಲಿಲ್ಲದ ನಡುವಯಸ್ಸಿನವರು ವಾಸಿ. ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ಮನೆತನಕ್ಕೆ ತಲೆತಲಾಂತರದಿಂದ ಬಂದ ಭೂಮಿ) ಸಹಿಗೂ ಮೊದಲು, ಅದನ್ನು ಅಪ್ಪ ಒಬ್ಬರೇ ಕೊಡಬಹುದೇ, ಒಕ್ಕದ, ಅಂದರೆ ಮನೆತನದ, ಉಳಿದವರ ಹಕ್ಕು ಎಷ್ಟು ಎಂಬುದನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ವಕೀಲರಿಗೆ ಆರ್‌ಟಿಸಿ (ಪಹಣಿ) ತೋರಿಸಿ ಕೇಳಿಕೊಳ್ಳಿ.