ಮನೆ ಬಿಟ್ಟು ಬಂದು ಮದುವೆಯಾದವರು, ಹದಿನೇಳು ವರ್ಷದ ನಂತರ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಈ ಗಂಡ ಹೆಂಡತಿಯನ್ನು ಮಂಜು ಮತ್ತು ಸವಿತಾ ಎಂದು ಕರೆಯುತ್ತೇನೆ. ನಿಜವಾದ ಹೆಸರುಗಳು ಬೇರೆ. ಊರು, ಕೆಲಸ, ಮನೆಯ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ‘ನಮ್ಮ ತರದವರು ಇನ್ನೂ ಎಷ್ಟೋ ಜನ ಇರ್ತಾರೆ ಮೇಡಂ, ವಕೀಲರ ಹತ್ರ ಹೋಗೋ ಮುಂಚೆ ಓದ್ಲಿ’ ಅಂದಿದ್ದು ಸವಿತಾ.

ಇವರು ಮೊದಲು ಹೋಗಿದ್ದೂ ವಕೀಲರ ಹತ್ತಿರವೇ. ಇಬ್ಬರೂ ಒಪ್ಪಿ ವಿಚ್ಛೇದನ ತೆಗೆದುಕೊಳ್ಳಲು ಏನು ಬೇಕು ಎಂದು ಕೇಳಿಕೊಂಡು ಬಂದಿದ್ದರು. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, ಅರ್ಜಿ ಹಾಕುವ ಮುಂಚೆ ಕನಿಷ್ಠ ಒಂದು ವರ್ಷ ಗಂಡ ಹೆಂಡತಿ ಬೇರೆ ಬೇರೆ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ 6 ತಿಂಗಳು ಕಾಯಬೇಕು. ಕೆಲವು ಸಂದರ್ಭಗಳಲ್ಲಿ ನ್ಯಾಯಾಲಯ ಈ 6 ತಿಂಗಳನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇದನ್ನೆಲ್ಲ ಕೇಳಿಸಿಕೊಂಡು ಆಚೆ ಬಂದಾಗ ಮಂಜು ಹೇಳಿದರಂತೆ: ‘ಒಂದು ವರ್ಷ ಬೇರೆ ಇರ್ಬೇಕಂತೆ. ಒಂದೇ ಮನೇಲಿ ಎರಡು ವರ್ಷದಿಂದ ಹಾಗೇ ಇದ್ದೀವಲ್ಲ.’ ಆ ಮಾತು ಸವಿತಾಗೆ ತಡೆಯಲಾಗಲಿಲ್ಲ. ಆ ವಾರವೇ ನನಗೆ ಫೋನ್ ಮಾಡಿದರು.

ಇಬ್ಬರಿಗೂ ದಾವಣಗೆರೆಯಲ್ಲಿ ಓದುವಾಗ ಪರಿಚಯ. ಜಾತಿ ಬೇರೆ. ಮಂಜುಗೆ 21 ತುಂಬಲಿ ಎಂದು ಕಾದು ಮದುವೆಯಾದರು. ಸವಿತಾಗೆ ಆಗ 19. ಇದು 2007ರ ಮಾತು. ದೇವಸ್ಥಾನದಲ್ಲಿ ತಾಳಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಅದೇ ರಾತ್ರಿ ಬೆಂಗಳೂರಿನ ಬಸ್ಸು. ಲಗ್ಗೆರೆಯಲ್ಲಿ ಒಂದು ರೂಮು ಹಿಡಿದರು. ಐಟಿಐ ಮಾಡಿದ್ದ ಮಂಜುಗೆ ಪೀಣ್ಯದ ಕಂಪನಿಯೊಂದರಲ್ಲಿ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್‌ನಿಂದ ನಡೆಯುವ ಯಂತ್ರ) ಮೇಲೆ ಕೆಲಸ ಸಿಕ್ಕಿತು. ಸವಿತಾ ಗಾರ್ಮೆಂಟ್ಸ್‌ಗೆ ಸೇರಿದರು. ಎರಡೂ ಮನೆಯವರು ಬಾಗಿಲು ಹಾಕಿಕೊಂಡರು. ಆ ವರ್ಷಗಳ ಬಗ್ಗೆ ಮಾತಾಡುವಾಗ ಮಾತ್ರ ಇಬ್ಬರ ದನಿಯೂ ಮೆತ್ತಗಾಗುತ್ತಿತ್ತು. ಒಂದೇ ಸ್ಟವ್ವು, ಎರಡು ತಟ್ಟೆ, ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ಗಂಡನಿಗಾಗಿ ರಾತ್ರಿ ಹನ್ನೊಂದೂವರೆವರೆಗೂ ಊಟ ಮಾಡದೆ ಕೂತಿರುತ್ತಿದ್ದ ಹೆಂಡತಿ.

ಮಗಳು ಹುಟ್ಟಿದ ಮೇಲೆ ಸವಿತಾ ಗಾರ್ಮೆಂಟ್ಸ್ ಬಿಟ್ಟರು. ಮನೆಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿ.ಕಾಂ ಮುಗಿಸಿ, ಲೆಕ್ಕಪತ್ರ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿತರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ಪುಟ್ಟ ವ್ಯಾಪಾರಿಗಳೆಲ್ಲ ರಿಟರ್ನ್ ಹಾಕಿಕೊಡುವವರನ್ನು ಹುಡುಕಿಕೊಂಡು ಓಡಾಡುತ್ತಿದ್ದರು. ಆಗ ಆಡಿಟರ್ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದವರು ಈಗ ಅಲ್ಲಿ ನಾಲ್ಕು ಜನರ ಕೆಲಸ ನೋಡಿಕೊಳ್ಳುತ್ತಾರೆ. ಮಂಜು ಪೀಣ್ಯದ ಅದೇ ಕಂಪನಿಯಲ್ಲಿ ಸೂಪರ್‌ವೈಸರ್. ಅವರೊಳಗೂ ಬದಲಾವಣೆ ಆಗಿತ್ತು, ಆದರೆ ಅದು ಹೊರಗೆ ಕಾಣುತ್ತಿರಲಿಲ್ಲ. ತಂದೆ ತೀರಿಕೊಂಡಾಗ ಎಷ್ಟೋ ವರ್ಷದ ಮೇಲೆ ಚನ್ನಗಿರಿ ಕಡೆಯ ತಮ್ಮ ಊರಿಗೆ ಹೋದರು. ತಾಯಿ ತಬ್ಬಿಕೊಂಡು ಅತ್ತರು. ಪಾಲಿಗೆ ಒಂದೂವರೆ ಎಕರೆ ಅಡಿಕೆ ತೋಟ ಬಂತು. ಅಲ್ಲಿಂದಾಚೆ ರಜೆ ಸಿಕ್ಕಿದಾಗಲೆಲ್ಲ ಊರು. ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದು ನಿಲ್ಲಿಸಿ, ಕೆಲಸ ಬಿಟ್ಟು, ತಾವೇ ನೋಡಿಕೊಳ್ಳಬೇಕು ಎಂಬ ಆಸೆ. ಸವಿತಾಗೆ ಇಲ್ಲೇ ಒಂದು ಸಣ್ಣ ಫ್ಲ್ಯಾಟ್ ತೆಗೆದುಕೊಳ್ಳುವ ಆಸೆ.

ಮೊದಲ ಭೇಟಿಯಲ್ಲಿ ಇಬ್ಬರೂ ಹೇಳಿದ್ದು ಒಂದೇ ಮಾತು. ‘ಮೊದಲಿನ ಹಾಗಿಲ್ಲ ಮೇಡಂ, ತುಂಬಾ ಬದಲಾಗಿದ್ದಾಳೆ.’ ‘ನಾನು ಮದುವೆಯಾದ ಮಂಜು ಇವನಲ್ಲ.’

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಪ್ರಕಾರ ‘ನಾನು ಯಾರು’ ಎಂಬ ಪ್ರಶ್ನೆ ಹದಿಹರೆಯದ್ದು. ಇನ್ನೊಬ್ಬರ ಜೊತೆ ಆಳವಾಗಿ ಬೆಸೆದುಕೊಳ್ಳುವುದು ಅದರ ಮುಂದಿನ ಹಂತ. ಹತ್ತೊಂಬತ್ತಕ್ಕೆ ಮದುವೆಯಾದವರು ಈ ಎರಡೂ ಕೆಲಸವನ್ನು ಒಟ್ಟಿಗೇ, ಒಂದೇ ರೂಮಿನಲ್ಲಿ, ಬಾಡಿಗೆ ಕಟ್ಟಿಕೊಂಡು ಮಾಡಬೇಕಾಗುತ್ತದೆ. ಮೂವತ್ತೈದರ ಹೊತ್ತಿಗೆ ಇಬ್ಬರೂ ಬೇರೆಯೇ ಮನುಷ್ಯರಾಗಿರುವುದು ಸಹಜ. ಹಾಗೆ ಆಗದಿದ್ದರೇ ನಾನು ಚಿಂತೆ ಮಾಡುತ್ತಿದ್ದೆ.

ಇವರ ಮನೆಯಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ಬೇರೆ ಎರಡು ಸಂಗತಿ.

ಒಂದು, ಮಗಳು. ಒಂಬತ್ತನೇ ಕ್ಲಾಸು. ‘ಅಪ್ಪನಿಗೆ ಹೇಳು, ಸಾರು ಫ್ರಿಜ್‌ನಲ್ಲಿದೆ.’ ‘ಅಮ್ಮನಿಗೆ ಹೇಳು, ಶನಿವಾರ ಊರಿಗೆ ಹೋಗ್ತೀನಿ.’ ಮೂರೂ ಜನ ಒಂದೇ ಹಾಲ್‌ನಲ್ಲಿ ಕೂತಿರುವಾಗಲೂ ಹೀಗೇ. ಆ ಹುಡುಗಿ ಇತ್ತೀಚೆಗೆ ಮಾತು ಮುಟ್ಟಿಸುವಾಗ ತಾನೇ ಸ್ವಲ್ಪ ತಿದ್ದಿ ಮೆತ್ತಗೆ ಮಾಡಿ ಹೇಳುತ್ತಿದ್ದಾಳೆ ಎಂದು ಸವಿತಾ ಹೇಳಿದಾಗ, ಅದು ಇವತ್ತಿನಿಂದಲೇ ನಿಲ್ಲಬೇಕು ಎಂದು ಇಬ್ಬರಿಗೂ ಖಡಾಖಂಡಿತವಾಗಿ ಹೇಳಿದೆ. ಬೇರೆಲ್ಲ ಸಲಹೆಗಳನ್ನು ಯೋಚಿಸಿ ನೋಡಿ ಎನ್ನುತ್ತೇನೆ. ಇದೊಂದರಲ್ಲಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ನೇರವಾಗಿ ಹೇಳಲು ಆಗದಿದ್ದರೆ ವಾಟ್ಸಾಪ್ ಮಾಡಿ, ಚೀಟಿ ಬರೆದಿಡಿ, ಮಗುವಿನ ಕೈಲಿ ಮಾತ್ರ ಹೇಳಿಸಬೇಡಿ ಎಂದೆ.

ಎರಡನೆಯದು ತಿಳಿಯಲು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕಾಯಿತು. ಹೊಡೆತ, ಬೆದರಿಕೆ, ಕುಡಿತ, ಬೇರೆ ಸಂಬಂಧ ಇದೆಯಾ ಎಂದು ನಾನು ಯಾವಾಗಲೂ ಹೀಗೆ ಬೇರೆಯಾಗಿಯೇ ಕೇಳುತ್ತೇನೆ. ಹೊಡೆತ, ಭಯ ಇರುವ ಮನೆಯಲ್ಲಿ ‘ಕೂತು ಮಾತಾಡಿ’ ಎನ್ನುವುದು ಅಪಾಯದ ಸಲಹೆ. ಅಲ್ಲಿ ಮೊದಲು ನೋಡಬೇಕಾದ್ದು ಸುರಕ್ಷತೆ. ಮಹಿಳಾ ಸಹಾಯವಾಣಿ 181 ಇರುವುದೇ ಅದಕ್ಕೆ. ಇವರ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಇಬ್ಬರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿದರು: ‘ಯಾರ ಹತ್ರ ಹೇಳ್ಕೊಳ್ಳೋದು ಮೇಡಂ? ನಾವು ಅವತ್ತೇ ಹೇಳಿರಲಿಲ್ವಾ ಅಂತಾರೆ.’

ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಜಗಳವಾದರೆ ಹುಡುಗಿ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತಾಳೆ, ಹುಡುಗನಿಗೆ ಸೋದರಮಾವ ಬುದ್ಧಿ ಹೇಳುತ್ತಾನೆ. ಇವರಿಗೆ ಆ ದಾರಿ ಇರಲಿಲ್ಲ. ನಾವು ಸುಖವಾಗಿದ್ದೇವೆ ಎಂದು ಎರಡೂ ಮನೆಗೆ ತೋರಿಸಲೇಬೇಕಿತ್ತು. ತೋರಿಸುತ್ತಾ ತೋರಿಸುತ್ತಾ, ಬೇಸರವಾಗಿದೆ ಎಂದು ಒಬ್ಬರಿಗೊಬ್ಬರು ಹೇಳುವುದನ್ನೂ ಬಿಟ್ಟರು. ಅಷ್ಟೆಲ್ಲ ಕಳೆದುಕೊಂಡು ಬಂದ ಮೇಲೆ ಬೇಸರ ಅನ್ನುವುದೇ ದ್ರೋಹದ ಹಾಗೆ ಅನ್ನಿಸುತ್ತಿತ್ತು. ತಡೆದು ತಡೆದು ಒಂದು ದಿನ ಬಾಯಿಗೆ ಬಂದಾಗ ಅದು ‘ನಿನಗೋಸ್ಕರ ಎಲ್ಲಾ ಬಿಟ್ಟು ಬಂದೆ’ ಎಂದೇ ಬರುತ್ತಿತ್ತು. ಇಬ್ಬರೂ ಬಿಟ್ಟು ಬಂದವರೇ. ಈ ಮಾತಿಗೆ ಉತ್ತರ ಎಲ್ಲಿಂದ ಬರಬೇಕು?

ಹಾಗಾಗಿ ಎರಡನೇ ಸಲಹೆ, ಆ ವಾಕ್ಯವನ್ನು ಮನೆಯಲ್ಲಿ ಆಡಬಾರದು. ಅದರ ಬದಲು ಇವತ್ತು ಏನು ಬೇಕಿತ್ತು, ಏನು ಸಿಗಲಿಲ್ಲ ಅಷ್ಟನ್ನೇ ಹೇಳಬೇಕು. ‘ಇವತ್ತು ನಾನು ಬಂದಾಗ ಊಟ ಆಯ್ತಾ ಅಂತ ಕೇಳಬೇಕಿತ್ತು’ ಎಂದರೆ ಸಾಕು.

ಮೂರನೆಯದು ಮಾಡಲು ಸುಲಭ, ಆದರೆ ಇವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ವಾರಕ್ಕೆರಡು ಸಲ, ಇಪ್ಪತ್ತು ನಿಮಿಷ, ಮಗಳು ಟ್ಯೂಷನ್‌ಗೆ ಹೋದಾಗ, ಒಬ್ಬರು ತಮ್ಮ ಈಗಿನ ದಿನದ ಬಗ್ಗೆ ಹೇಳಬೇಕು. ಇನ್ನೊಬ್ಬರು ಪ್ರಶ್ನೆ ಕೇಳಬಹುದು, ಬುದ್ಧಿ ಹೇಳುವಂತಿಲ್ಲ. ಮನೆ ಖರ್ಚು, ಮಗಳ ಮಾರ್ಕ್ಸು, ಊರಿನ ವಿಷಯ ತರುವಂತಿಲ್ಲ. ಮೊದಲ ಸಲ ಐದು ನಿಮಿಷಕ್ಕೇ ಮಾತು ಮುಗಿಯಿತಂತೆ. ಇನ್ನೊಂದು ದಿನ ಮಂಜು ಕೇಳಿದರು, ‘ಪ್ರತಿ ತಿಂಗಳೂ ಕೆಲವು ದಿನ ಅಷ್ಟು ಲೇಟಾಗಿ ಬರ್ತೀಯಲ್ಲ, ಯಾಕೆ?’ ಎಷ್ಟೋ ವರ್ಷದಿಂದ ಇದೇ ವಿಷಯಕ್ಕೆ ಮುನಿಸು ನಡೆದಿತ್ತು. ಸವಿತಾ ಕ್ಯಾಲೆಂಡರ್ ತೆಗೆದು ತೋರಿಸಿದರು. 11ನೇ ತಾರೀಕು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ಗೆ ಕೊನೆ ದಿನ, 20 ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿಗೆ. ತಪ್ಪಿದರೆ ವ್ಯಾಪಾರಿಗೆ ಲೇಟ್ ಫೀ ಬೀಳುತ್ತದೆ, ಬಡ್ಡಿಯೂ ಬೀಳಬಹುದು, ಬೈಗುಳ ತನಗೆ. ಮುಂದಿನ ತಿಂಗಳು 20ರಂದು ಅನ್ನ ಸಾರು ಮಾಡಿಟ್ಟಿದ್ದು ಮಂಜು.

ಸವಿತಾ ಕೇಳಿದ ಪ್ರಶ್ನೆಯೂ ಅಷ್ಟೇ ಚಿಕ್ಕದು: ‘ತೋಟಕ್ಕೆ ಹೋಗಿ ಇಡೀ ದಿನ ಏನ್ ಮಾಡ್ತೀಯ?’ ಮಂಜು ತುಂಬಾ ಹೊತ್ತು ಸುಮ್ಮನಿದ್ದು, ‘ಏನೂ ಮಾಡಲ್ಲ. ಅಪ್ಪ ನೆಟ್ಟ ಮರಗಳ ಮಧ್ಯೆ ಓಡಾಡ್ತೀನಿ. ಅವರು ಸಾಯೋವಾಗ ನಾನಿರಲಿಲ್ಲ’ ಎಂದರಂತೆ. ಗಂಡನಿಗೆ ತನ್ನ ಮೇಲೆ ಆಸಕ್ತಿ ಹೋಗಿದೆ, ಅದಕ್ಕೇ ಊರಿಗೆ ಓಡುತ್ತಾರೆ ಎಂದು ಸವಿತಾ ನಂಬಿದ್ದರು.

ಇಷ್ಟಾದ ಮೇಲೂ ಒಂದು ವಿಷಯ ಹಾಗೇ ಉಳಿದಿತ್ತು, ಅದನ್ನು ನಾನೇ ಎತ್ತಿದೆ. ಆ ಊರಿನ ಮನೆಯಲ್ಲಿ ಸವಿತಾಗೆ ಇವತ್ತಿಗೂ ಅಡುಗೆ ಮನೆಯೊಳಗೆ ಪ್ರವೇಶವಿಲ್ಲ. ಊಟ ಹಜಾರದಲ್ಲಿ, ಪೇಪರ್ ತಟ್ಟೆಯಲ್ಲಿ. ಒಂದೇ ಸಲ ಹೋಗಿ ಬಂದಿದ್ದಾರೆ. ಅವತ್ತು ಮಂಜು ಪಕ್ಕದಲ್ಲೇ ಕೂತು ಸ್ಟೀಲ್ ತಟ್ಟೆಯಲ್ಲಿ ಊಟ ಮಾಡಿದ್ದರು, ಏನೂ ಹೇಳಿರಲಿಲ್ಲ. ಇದನ್ನು ‘ಇಬ್ಬರೂ ಬೆಳೆದರು, ದೂರವಾದರು’ ಎಂಬ ಮಾತಿನ ಕೆಳಗೆ ಮುಚ್ಚಿಡಬಾರದು. ಇದು ಅವಮಾನ. ಜಾತಿ ಮೀರಿ ಮದುವೆಯಾದ ಹುಡುಗ ಮೂವತ್ತೆಂಟಕ್ಕೆ ತಾಯಿಯ ಮುಂದೆ ಬಾಯಿ ಕಟ್ಟಿಕೊಂಡಿದ್ದು ಹೆಂಡತಿಗೆ ಎಷ್ಟು ನೋವು ಕೊಟ್ಟಿರಬೇಕು! ಮಂಜುಗೆ ನೇರವಾಗಿಯೇ ಹೇಳಿದೆ: ತೋಟದ ಮಾತು ಆಮೇಲೆ. ಮೊದಲು ನಿಮ್ಮ ತಾಯಿಗೆ ನೀವು ಹೇಳಬೇಕು, ಸವಿತಾ ಅಲ್ಲ. ಅವರು ಒಪ್ಪಲಿ ಬಿಡಲಿ, ಹೆಂಡತಿಗೆ ಯಾವ ತಟ್ಟೆಯೋ ನಿಮಗೂ ಅದೇ ತಟ್ಟೆ. ಮಂಜು ವಾದ ಮಾಡಲಿಲ್ಲ. ‘ಅಮ್ಮನನ್ನ ಮತ್ತೆ ಕಳ್ಕೊಳ್ತೀನೇನೋ ಅಂತ ಭಯ’ ಎಂದರು. ಆ ಭಯ ಸುಳ್ಳಲ್ಲ. ಅದನ್ನೂ ಸವಿತಾ ಕೇಳಿಸಿಕೊಳ್ಳಲಿ ಎಂದು ಅವರ ಎದುರೇ ಮತ್ತೊಮ್ಮೆ ಹೇಳಿಸಿದೆ.

ಫ್ಲ್ಯಾಟೋ ತೋಟವೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ದಂಪತಿಗಳನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಜಾನ್ ಗಾಟ್‌ಮನ್, ಗಂಡ ಹೆಂಡತಿ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಂದೂ ಪೂರ್ತಿ ಬಗೆಹರಿಯುವುದಿಲ್ಲ ಎಂದು ಕಂಡುಕೊಂಡರು. ಚೆನ್ನಾಗಿ ಬಾಳುವವರ ಮನೆಯಲ್ಲೂ ಅವು ಇರುತ್ತವೆ, ಅವುಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಎನ್ನುವುದೇ ವ್ಯತ್ಯಾಸ. ಇವರಿಗೆ ಒಂದು ಹಾಳೆ ಕೊಟ್ಟೆ. ಎಡಕ್ಕೆ ‘ಇದನ್ನು ಬಿಡಲಾರೆ’, ಬಲಕ್ಕೆ ‘ಇದರಲ್ಲಿ ಹಿಂದೆ ಮುಂದೆ ಆಗಬಹುದು’. ಎರಡು ವಾರ ಬಿಟ್ಟು ತಂದರು. ಸವಿತಾ ಎಡಕ್ಕೆ ಬರೆದಿದ್ದು: ನನ್ನ ಕೆಲಸ, ಮರ್ಯಾದೆ. ಫ್ಲ್ಯಾಟ್ ಬಲಕ್ಕೆ ಹೋಗಿತ್ತು. ಮಂಜು ಎಡಕ್ಕೆ ಬರೆದಿದ್ದು ಎರಡು: ‘ತೋಟ ಮಾರಬಾರದು’, ‘ಸವಿತಾ’. ಕೆಲಸ ಬಿಡುವುದು ಬಲಕ್ಕಿತ್ತು. ಆ ಹಾಳೆಗಳನ್ನು ಬದಲಾಯಿಸಿಕೊಂಡು ಓದುವಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ.

ಬೇರೆಯಾಗುವುದು ಸೋಲು ಎಂದು ನಾನು ಯಾರಿಗೂ ಹೇಳುವುದಿಲ್ಲ. ಇವರಿಗೂ ಹೇಳಲಿಲ್ಲ. ಈಗಿನ ಸವಿತಾಳನ್ನೂ ಈಗಿನ ಮಂಜುವನ್ನೂ ಸರಿಯಾಗಿ ನೋಡಿದ ಮೇಲೂ ಜೊತೆಗಿರಲು ಮನಸ್ಸಾಗದಿದ್ದರೆ ಗೌರವದಿಂದ ಬೇರೆಯಾಗಿ, ಆಗಲೂ ನಾನು ಜೊತೆಗಿರುತ್ತೇನೆ ಎಂದಿದ್ದೆ. ಗುರುತೇ ಇಲ್ಲದವರನ್ನು ಬಿಡಬೇಡಿ ಎಂದು ಮಾತ್ರ ಬೇಡಿಕೊಂಡೆ.

ನೀವೂ ಇಂಥ ಸ್ಥಿತಿಯಲ್ಲಿದ್ದರೆ ವಿಚ್ಛೇದನದ ಮಾತು ಬರುವವರೆಗೆ ಕಾಯಬೇಡಿ. ಮಕ್ಕಳ ಕೈಲಿ ಮಾತು ಹೇಳಿಸಲು ಶುರುವಾಗಿದೆ, ಜಗಳ ಕೂಡ ನಿಂತುಹೋಗಿದೆ ಅನ್ನಿಸಿದರೆ ಅದೇ ಸಾಕಷ್ಟು ಕಾರಣ. ಒಬ್ಬರು ಬರಲು ಒಪ್ಪದಿದ್ದರೆ ಇನ್ನೊಬ್ಬರೇ ಬನ್ನಿ. ನಿದ್ದೆ, ಊಟ ಕೆಡುವಷ್ಟು ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸವಿತಾ, ಮಂಜು ಸದ್ಯಕ್ಕೆ ವಕೀಲರ ಹತ್ತಿರ ಹೋಗುವುದನ್ನು ನಿಲ್ಲಿಸಿದ್ದಾರೆ. ಮಗಳ ಪಿಯುಸಿ ಮುಗಿಯುವವರೆಗೆ ತೋಟ ಖೇಣಿಯಲ್ಲೇ ಇರಲಿ, ಫ್ಲ್ಯಾಟೂ ಬೇಡ ಎಂದು ತೀರ್ಮಾನವಾಗಿದೆ. ಮಂಜು ತಿಂಗಳಿಗೊಮ್ಮೆ ಊರಿಗೆ ಹೋಗುತ್ತಾರೆ. ತಾಯಿಗೆ ಹೇಳಿದ್ದಾರೆ. ಅವರು ಎರಡು ತಿಂಗಳು ಫೋನ್ ಎತ್ತಲಿಲ್ಲ, ಆಮೇಲೆ ಮೊಮ್ಮಗಳ ಜೊತೆ ಮಾತಾಡಿದ್ದಾರೆ. ಸೊಸೆಯ ಬಗ್ಗೆ ಇನ್ನೂ ಏನೂ ಕೇಳಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುವುದೋ ಬೇಡವೋ ಎಂದು ಸವಿತಾ ಯೋಚಿಸುತ್ತಿದ್ದಾರೆ. ಮುಂದಿನ ಸಲ ಬಂದಾಗ ಅದನ್ನೇ ಮಾತಾಡುವುದಿದೆ.