74ರ ಅಪ್ಪನಿಗೆ ಪ್ಯಾಂಕ್ರಿಯಾಸ್ ಆಪರೇಷನ್ ತಡೆದೀತೇ?

ಕುಂಬಳೆಯಿಂದ ನೀವು ಕೇಳಿದ್ದು ಇಷ್ಟು: ಅಪ್ಪನಿಗೆ 74, ಪ್ಯಾಂಕ್ರಿಯಾಸಿನ (ಮೇದೋಜ್ಜೀರಕ ಗ್ರಂಥಿಯ) ತಲೆಭಾಗದಲ್ಲಿ ಕ್ಯಾನ್ಸರ್ ಗಡ್ಡೆ, ಮಂಗಳೂರಿನ ಡಾಕ್ಟರು ವಿಪಲ್ ಆಪರೇಷನ್ ಹೇಳಿದ್ದಾರೆ. 45ರ ನೆಂಟರೊಬ್ಬರು ಅದೇ ಆಪರೇಷನ್ ಮಾಡಿಸಿ ಓಡಾಡಿಕೊಂಡಿದ್ದಾರೆ, ಅಪ್ಪನಿಗೂ ಆದೀತೇ?

ವಯಸ್ಸೊಂದನ್ನೇ ನೋಡಿ ಬೇಡವೆನ್ನಬೇಡಿ. ಈ ಕ್ಯಾನ್ಸರ್ ಹೆಚ್ಚಾಗಿ ಬರುವುದೇ 70ರ ಆಸುಪಾಸಿನಲ್ಲಿ. ಪತ್ತೆಯಾಗುವ ಹೊತ್ತಿಗೆ ಕೊಯ್ದು ತೆಗೆಯುವ ಹಂತದಲ್ಲಿರುವವರು ನೂರಕ್ಕೆ 15–20 ಮಂದಿ ಮಾತ್ರ.

ಈ ಆಪರೇಷನ್ನಿನಲ್ಲಿ ಪ್ಯಾಂಕ್ರಿಯಾಸಿನ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲ ತೆಗೆದು ಮೂರು ಕಡೆ ಜೋಡಿಸುತ್ತಾರೆ. ಹೆದರಿಕೆ ಇರುವುದು ಪ್ಯಾಂಕ್ರಿಯಾಸ್–ಕರುಳಿನ ಹೊಲಿಗೆ ಸೋರುವುದರ ಬಗ್ಗೆ. ಅದು ವಯಸ್ಸಿಗಿಂತ ಹೆಚ್ಚಾಗಿ ಗ್ರಂಥಿ ಎಷ್ಟು ಮೆತ್ತಗಿದೆ, ಅದರ ನಾಳ ಎಷ್ಟು ಸಪೂರ ಎಂಬುದರ ಮೇಲೆ ನಿಂತಿದೆ. ಸೋರಿದರೆ 45ರ ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. 74ರಲ್ಲಿ ಅದರ ಬೆನ್ನಿಗೇ ನ್ಯುಮೋನಿಯಾ, ಹೃದಯದ ಬಡಿತ ತಪ್ಪುವುದು, ಕಿಡ್ನಿ ಸೋಲುವುದು ಬರಬಹುದು. ವ್ಯತ್ಯಾಸ ಇರುವುದು ಅಲ್ಲಿ. ವರ್ಷಕ್ಕೆ 20ಕ್ಕಿಂತ ಹೆಚ್ಚು ವಿಪಲ್ ಮಾಡುವ ತಂಡವೇ ಎಂದು ನಾಚಿಕೆಪಡದೆ ಕೇಳಿ. ಪಳಗಿದ ಕಡೆ ಸಾವು ನೂರಕ್ಕೆ ಐದಕ್ಕಿಂತ ಕಡಿಮೆ, ವಯಸ್ಸಾದವರಲ್ಲಿ ಸ್ವಲ್ಪ ಹೆಚ್ಚು.

ಎರಡನೆಯ ವ್ಯತ್ಯಾಸ ಕೀಮೋ. ಆಪರೇಷನ್ ಆಗಿ 12 ವಾರದೊಳಗೆ ಅದು ಶುರುವಾಗಬೇಕು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಾಲ್ಫಿರಿನಾಕ್ಸ್ ಎಂಬ ಹಲವು ಮದ್ದುಗಳ ಕೀಮೋ ಪಡೆದವರ ಬದುಕಿನ ಮಧ್ಯಮ ಅವಧಿ (ಅರ್ಧದಷ್ಟು ಮಂದಿ ದಾಟಿದ್ದು) 54 ತಿಂಗಳು, ಜೆಮ್‌ಸಿಟಾಬಿನ್ ಎಂಬ ಒಂದೇ ಮದ್ದು ಪಡೆದವರದ್ದು 35. ಆದರೆ ಅವರೆಲ್ಲ ಗಟ್ಟಿಮುಟ್ಟಾದವರು, 80ರ ಒಳಗಿನವರು. ವಯಸ್ಸಾದವರು ಸುಧಾರಿಸಿಕೊಳ್ಳುವಷ್ಟರಲ್ಲಿ ಕೀಮೋ ತಪ್ಪಿಹೋಗುವುದುಂಟು. ಹಾಗೆಂದು ಹರೆಯದವರು ಗೆದ್ದರೆಂದಲ್ಲ: ಒಟ್ಟಾರೆ ಆಪರೇಷನ್ ಆದವರಲ್ಲಿ ಐದು ವರ್ಷ ದಾಟುವವರು ಸುಮಾರು ಐದರಲ್ಲೊಬ್ಬರು.

ನಾನು ನೋಡುವುದು ಇದನ್ನು: ನಿಲ್ಲದೆ ಎರಡು ಮಹಡಿ ಹತ್ತುತ್ತಾರೆಯೇ, ಆರು ತಿಂಗಳಲ್ಲಿ ತೂಕ ಎಷ್ಟು ಇಳಿಯಿತು, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು, ಹೃದಯದ ಎಕೋ ಸ್ಕ್ಯಾನ್ ಹೇಗಿದೆ. ಬೀಡಿ ಇಂದೇ ನಿಲ್ಲಲಿ. ದಿನಾ ನಡಿಗೆ. ಬರೀ ಗಂಜಿ–ಉಪ್ಪಿನಕಾಯಿ ಸಾಲದು. ಮೊಟ್ಟೆ, ಮೀನು, ಇಲ್ಲವೇ ಮೊಸರು, ಹೆಸರುಕಾಳು ಬೇಕು. ಮಲ ಎಣ್ಣೆಯಾಗಿ ತೇಲುತ್ತಿದ್ದರೆ ಜೀರ್ಣಕ್ಕೆ ನೆರವಾಗುವ ಕಿಣ್ವದ ಕ್ಯಾಪ್ಸೂಲ್ ಬೇಕಾಗುತ್ತದೆ. ಸಾಮಾನ್ಯವಾಗಿ ಊಟಕ್ಕೆ 50,000 ಯೂನಿಟ್, ತಿಂಡಿಗೆ 25,000. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಮೊದಲ ತುತ್ತಿನ ಜೊತೆಗೇ. ಉಂಡಾದ ಮೇಲೆ ನುಂಗಿದರೆ ಅರ್ಧ ದಂಡ.

ಗಡ್ಡೆ ಪಿತ್ತನಾಳವನ್ನು ಒತ್ತಿ ಬರುವ ಕಾಮಾಲೆಗೆ ನಾಟಿ ಮದ್ದು ಕೊಡುತ್ತಾ ಕೂರಬೇಡಿ, ನಮ್ಮ ಕಡೆ ವಾರಗಳು ಹೋಗುವುದೇ ಅದರಲ್ಲಿ. ರಕ್ತದಲ್ಲಿ ಕಾಮಾಲೆ ಅಳೆಯುವ ಬಿಲಿರುಬಿನ್ 15ರ (mg/dL) ಒಳಗಿದ್ದು ಆಪರೇಷನ್ ಬೇಗ ಆಗುವುದಾದರೆ ಸಾಮಾನ್ಯವಾಗಿ ಪಿತ್ತನಾಳ ತೆರೆದಿಡುವ ಸ್ಟೆಂಟ್ ಕೊಳವೆ ಬೇಡ, ಅದರಿಂದಲೇ ಸೋಂಕು ಬರಬಹುದು. ಚಳಿ ನಡುಕದ ಜ್ವರವಿದ್ದರೆ (ಪಿತ್ತನಾಳದ ಸೋಂಕಿರಬಹುದು) ಮಾತು ಬೇರೆ, ಆಗ ತಡಮಾಡುವಂತಿಲ್ಲ.

ಕೇರಳ ಸರಕಾರದ ಚಿಕಿತ್ಸಾ ವಿಮೆಯಾದ ಕಾರುಣ್ಯ ಆರೋಗ್ಯ ಕಾರ್ಡ್ ಗಡಿ ದಾಟಿದ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಸೇರುವ ಮೊದಲೇ ಕೇಳಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳುವುದಾದರೆ ರಿಪೋರ್ಟ್ ಮಾತ್ರ ಅಲ್ಲ, ಸಿಟಿ ಸ್ಕ್ಯಾನಿನ ಸೀಡಿಯನ್ನೂ ಒಯ್ಯಿರಿ. ಗಡ್ಡೆ ರಕ್ತನಾಳಕ್ಕೆ ಎಷ್ಟು ತಾಗಿದೆ ಎಂದು ಸರ್ಜನ್ ಕಣ್ಣಾರೆ ನೋಡಬೇಕು. ಸ್ಕ್ಯಾನ್ ನಾಲ್ಕು ವಾರಕ್ಕಿಂತ ಹಳತಾಗಿದ್ದರೆ ಇನ್ನೊಮ್ಮೆ ಮಾಡಿಸಲು ಹೇಳುತ್ತಾರೆ.